ಬಾಗಿಲಿಗೆ ಕಲಿಸದೆ ಉಳಿದ ದನಿ

ಬಿಚ್ಚುಮನೆಯ ಮೆಟ್ಟಿಲು, ಬಳ್ಳಾರಿ
ಫೆಬ್ರವರಿ ಮೂವತ್ತೊಂದು, ೨೧೯೪

ಮಾಬುನ್ನಿ ಅಮ್ಮನವರಿಗೂ, ಅವರ ಸುತ್ತ ಕೂತು ಈಗಷ್ಟೇ ಮೊದಲ ಸ್ಕ್ರೂಗಳನ್ನು ಬಿಚ್ಚುತ್ತಿರುವ ಎಲ್ಲರಿಗೂ ಓಬಳವ್ವ ಮಾಡುವ ನಮಸ್ಕಾರಗಳು.

ತಾರೀಖು ನೋಡಿ, ಇದು ಯಾರದೋ ಚೇಷ್ಟೆ ಎಂದು ಫೋನನ್ನು ಕೆಳಗಿಡಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತೊಂದು ದಿನ. ಮೇ ತಿಂಗಳನ್ನು ತಾಳಲಾರದ ಹಿರಿಯರು ಅದರಿಂದ ಒಂದಷ್ಟು ದಿನ ಕಿತ್ತು ಫೆಬ್ರವರಿಗೆ ತೇಪೆ ಹಾಕಿದರು. ಬಿಸಿಲೇನೂ ಮೋಸಹೋಗಲಿಲ್ಲ. ಇನ್ನು ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು. ನಿಮ್ಮನ್ನು ಹೇಗೆ ಕರೆಯಬೇಕೆಂಬುದೇ ನನಗೆ ಮೊದಲ ತೊಡಕಾಯಿತು. ಇದನ್ನು ಓದುವಾಗ ನಿಮಗೆ ನನಗಿಂತ ವಯಸ್ಸು ಕಡಿಮೆ, ತಂಗಿ ಎನ್ನಬಹುದಿತ್ತು. ಆದರೆ ನೀವು ನಮ್ಮ ಅಜ್ಜಿಯರ ಅಜ್ಜಿಯರಿಗೂ ಹಿರಿಯರು. ಹಿರಿಯರನ್ನು ತಂಗಿ ಎಂದು ಕರೆದು ಅವರ ತಪ್ಪು ಎತ್ತಿ ಆಡುವುದು ಯಾವ ಕಾಲಕ್ಕೂ ಮರ್ಯಾದೆಯಲ್ಲ. ಅದಕ್ಕೇ ಅಮ್ಮ ಎಂದಿದ್ದೇನೆ. ತಪ್ಪನ್ನಂತೂ ಎತ್ತಿ ಆಡಲೇಬೇಕಾಗಿದೆ.

ಈ ಪತ್ರ ಹಿಂಟಪಾಲಿನಲ್ಲಿ ಬರುತ್ತಿದೆ. ಹಿಂಟಪಾಲು ಎಂದರೆ ಹಿಂದಿನ ಕಾಲಕ್ಕೆ ಹಾಕುವ ಅಂಚೆ. ಅದು ನಿಮ್ಮ ಕಾಲದಲ್ಲಿ ಸತ್ತು, ರಿಪೇರಿಯಾಗಿ, ಮತ್ತೆ ಮೊದಲ ಸಲ ಬೆಳಕು ಕಂಡ ಫೋನಿನಲ್ಲಿ ಮಾತ್ರ ಮೂಡುತ್ತದೆ ಎನ್ನುತ್ತಾರೆ. ಹಾಗಾಗಿ ಅದು ದೊರೆಗಳಿಗೆ ತಲುಪುವುದಿಲ್ಲ, ಅವರು ಕೆಟ್ಟ ಫೋನನ್ನು ಎಸೆದು ಹೊಸದು ತರುವವರು. ತಲುಪಿದರೆ ನಿಮ್ಮಂಥವರಿಗೇ. ಕಳಿಸಿದ ಮೇಲೆ ನಾವು ಮಾಡುವುದು ಒಂದೇ ಕೆಲಸ, ಸುತ್ತ ನೋಡುತ್ತ ಕೂರುವುದು. ಪತ್ರ ತಲುಪಿ, ನಾವು ಹೇಳಿದಂತೆ ನೀವು ಮಾಡಿದ್ದರೆ ಇಲ್ಲಿ ಏನಾದರೂ ಬದಲಾಗಿರಬೇಕು. ಈವರೆಗೆ ನಮ್ಮ ಊರಿನಿಂದ ಎಷ್ಟೋ ಪತ್ರ ಹೋಗಿವೆ. ಹೊಳೆ ತುಂಬಲಿಲ್ಲ, ಗುಡ್ಡ ಮರಳಿ ಬೆಳೆಯಲಿಲ್ಲ. ಒಂದೋ ಪತ್ರಗಳು ತಲುಪುತ್ತಿಲ್ಲ, ಇಲ್ಲವೇ ತಲುಪಿ, ಓದಿಸಿಕೊಂಡು, ಬದಿಗೆ ಸರಿದಿವೆ. ನಾನು ಮೊದಲನೆಯದನ್ನೇ ನಂಬಿಕೊಂಡಿದ್ದೇನೆ. ಎರಡನೆಯದನ್ನು ನಂಬಿದರೆ ಬರೆಯಲು ಕೈ ಏಳುವುದಿಲ್ಲ.

ನಿಮ್ಮ ಬಗ್ಗೆ ನಮಗೆ ತಿಳಿದಿರುವುದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ನೀವು ಜೀನ್ಸ್ ಹೊಲಿಯುತ್ತಿದ್ದವರು. ಮೋಟಾರು ಕೆಟ್ಟ ಹೊಲಿಗೆ ಯಂತ್ರವನ್ನು ತಲೆ ಮೇಲೆ ಹೊತ್ತು ರಿಪೇರಿ ಅಂಗಡಿಗೆ ಹೋದರೆ, ಏನು ಕೆಟ್ಟಿದೆ ಎಂದು ಕೇಳಿದ್ದಕ್ಕೆ, "ನಿಂಗ್ಯಾಕವ್ವ ಅದೆಲ್ಲ, ನಾಳಿ ಬಾ" ಎಂದು ಕಳಿಸುತ್ತಿದ್ದರಂತೆ. ಕಲಿಯಲು ಕೂತರೆ ಪಾಠ ಹೇಳುವ ಹುಡುಗ ನಿಮ್ಮ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು ತಾನೇ ಬಿಚ್ಚಿ, ತಾನೇ ಜೋಡಿಸಿ, "ತಿಳೀತಲ್ಲ?" ಎನ್ನುತ್ತಿದ್ದನಂತೆ. ಆ ಸಿಟ್ಟಿಗೆ ನೀವು ನಿಮ್ಮ ಓಣಿಯಲ್ಲೇ ಒಂದು ಕೋಣೆ ಹಿಡಿದು, ಹೊಲಿಗೆಯವರ ಮಾತನ್ನೇ ಇಟ್ಟು, ಬಿಚ್ಚುಮನೆ ಎಂದು ಕರೆದಿರಿ. ತಪ್ಪಿದ ಹೊಲಿಗೆಯನ್ನು ಬಿಚ್ಚಿದಂತೆ ಯಂತ್ರವನ್ನೂ ಬಿಚ್ಚುವ ಮನೆ. ಅಲ್ಲಿ ಕಲಿಸುವವಳು ಕೂರುವ ಮೊದಲು ತನ್ನ ಸೆರಗಿನಿಂದ ತನ್ನ ಎರಡೂ ಕೈಗಳನ್ನು ಗಂಟು ಹಾಕಿಸಿಕೊಳ್ಳಬೇಕು ಎಂಬ ಪದ್ಧತಿ ನಿಮ್ಮದೇ. ಕಲಿಯುವವಳು ಎಷ್ಟೇ ತಡವರಿಸಿದರೂ ಸಲಕರಣೆ ಅವಳ ಕೈಯಲ್ಲೇ ಇರಬೇಕು, ಕಲಿಸುವವಳದ್ದು ಬಾಯಿ ಮಾತ್ರ.

ಆ ಸೆರಗುಗಂಟು ನಮ್ಮವರೆಗೂ ಬಂದಿದೆ. ಸೀರೆ ಉಡುವವರು ಈಗ ಯಾರೂ ಇಲ್ಲ, ಆದರೂ ಕೈ ಕಟ್ಟಲೆಂದೇ ಪ್ರತಿಯೊಬ್ಬಳ ಹೆಗಲ ಮೇಲೆ ಒಂದು ತುಂಡು ಬಟ್ಟೆ ಇರುತ್ತದೆ. ಮೂಗು ತುರಿಸಿದರೆ ಪಕ್ಕದವಳು ತುರಿಸಬೇಕು. ಇದಕ್ಕಾಗಿ ನಡೆದ ಜಗಳಗಳನ್ನು ಬರೆದರೆ ಹಿಂಟಪಾಲು ಸಾಲದು.

ನಮ್ಮ ದಿನಗಳ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ನಿಮ್ಮ ಕಾಲದಲ್ಲಿ ಗುಡ್ಡಗಳನ್ನು ಅಗೆದು ಹಡಗಿಗೆ ತುಂಬಿದಿರಲ್ಲ, ಉಳಿದ ಪುಡಿ ನಮ್ಮ ಪಾಲಿಗೆ ಬಂತು. ವರ್ಷಕ್ಕೆ ಕೆಲವು ಸಲ ಅದು ಎದ್ದು ಬರುತ್ತದೆ. ಆ ಕೆಂಪು ಗಾಳಿಯನ್ನು ನಾವು ಕೆಂಪಿ ಎನ್ನುತ್ತೇವೆ, ಮನೆಯ ಹಸುವನ್ನು ಕರೆದಂತೆ. ಹೆದರಿಕೆಯಾಗುವ ವಸ್ತುವಿಗೆ ಮುದ್ದಿನ ಹೆಸರಿಡುವುದು ಜನರ ಚಾಳಿ. ಕೆಂಪಿ ಬಂದಾಗ ಹೊರಗಿದ್ದವರು ಉಳಿಯುವುದಿಲ್ಲ. ಅದಕ್ಕೇ ನಮ್ಮ ಮನೆಗಳಿಗೆ ಕಿಟಕಿಯಿಲ್ಲ, ದಪ್ಪ ಗೋಡೆ, ಒಂದೇ ಬಾಗಿಲು. ನೀರನ್ನು ಇಬ್ಬನಿಪೆಟ್ಟಿಗೆ ಕೊಡುತ್ತದೆ. ಅದು ಗಾಳಿಯಿಂದ ತೇವ ಹಿಂಡುವ ಯಂತ್ರ, ಮನೆಗೊಂದು. ಆದರೆ ಅದೂ ಸೇರಿ ನಮ್ಮ ಎಲ್ಲ ಯಂತ್ರಗಳೂ ಮುದ್ರೆ ಒತ್ತಿಸಿಕೊಂಡೇ ಬರುತ್ತವೆ. ಮುದ್ರೆ ಒಡೆದು ಒಳಗೆ ನೋಡುವುದು ಅಪರಾಧ. ಕೆಟ್ಟರೆ ಮುದ್ರೆದಳ ಎಂಬ ಸರ್ಕಾರಿ ಪಡೆಯವರು ಬಂದು ಹೊತ್ತೊಯ್ಯುತ್ತಾರೆ, ಹೊಸದು ಬರುವವರೆಗೆ ನೀವು ಬಾಯಾರಿಕೊಂಡಿರಬೇಕು. ಬಾಯಾರಿದ ಹೆಂಗಸರು ಕೆಟ್ಟ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಮುಚ್ಚಿಕೊಂಡು ಬಿಚ್ಚುಮನೆಗೆ ಬರುತ್ತಾರೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ನಿಮ್ಮ ಕಾಲದ ಗಾದೆ ಇಂದಿಗೂ ಸುಳ್ಳಾಗಿಲ್ಲ.

ಈಗ ಬಾಗಿಲಿನ ವಿಷಯ.

ನೀವು ಇದನ್ನು ಓದುವ ಹೊತ್ತಿಗೆ ಬಾಗಿಲು ಇನ್ನೂ ಮಾತಿನಲ್ಲೇ ಇರಬಹುದು. ಕುಡಿದು ಬಂದ ಗಂಡಂದಿರು, ಅಣ್ಣಂದಿರು, ಓಣಿಯ ಯಜಮಾನರು ಕೋಣೆಗೆ ನುಗ್ಗಿ ಮೇಜು ಕೆಡವಿದ ಮೇಲೆ ನೀವು ಒಂದು ಬಾಗಿಲು ಮಾಡುತ್ತೀರಿ. ಅದಕ್ಕೆ ಬೀಗದ ಕೈ ಇರುವುದಿಲ್ಲ, ಏಕೆಂದರೆ ಕೀಲಿಯನ್ನು ಗಂಡ ಕಸಿದುಕೊಳ್ಳಬಹುದು. ಅದು ಹೆಸರು ಕೇಳುವುದಿಲ್ಲ, ಏಕೆಂದರೆ ಹೆಸರು ಹೇಳಿದರೆ ಜಾತಿ ತಿಳಿಯುತ್ತದೆ. ಗುರುತಿನ ಚೀಟಿ ಕೇಳುವುದಿಲ್ಲ, ಏಕೆಂದರೆ ನಿಮ್ಮಲ್ಲಿ ಅರ್ಧ ಜನರ ಬಳಿ ಚೀಟಿಯೇ ಇಲ್ಲ. ಹೊರಗೆ ನಿಂತವಳು "ನಾ ಬಂದೀನಿ" ಎಂದರೆ ಸಾಕು. ಅದು ದನಿ ಕೇಳಿ, ಹೆಣ್ಣಿನದಾದರೆ ತೆರೆಯುತ್ತದೆ. ಇದಕ್ಕಾಗಿ ನೀವು ಓಣಿ ಓಣಿ ತಿರುಗಿ ದನಿ ಕೂಡಿಸುತ್ತೀರಿ. ಮುದುಕಿಯರದು, ಶಾಲೆಯ ಹುಡುಗಿಯರದು, ಬಾಣಂತಿಯರದು, ಗುಡಿಯಲ್ಲಿ ಹಾಡುವವರದು, ಮಸೀದಿಯ ಹಿಂದಿನ ಮನೆಗಳದು, ಗಣಿಯಲ್ಲಿ ಕಲ್ಲು ಒಡೆಯುವವರದು. ಅಷ್ಟು ದನಿಗಳನ್ನು ಬಾಗಿಲಿಗೆ ಕಲಿಸಿ, ಕಲಿತದ್ದನ್ನು ಯಾರೂ ಬೆದರಿಸಿ ಬದಲಿಸದಂತೆ ಶಾಶ್ವತವಾಗಿ ಮುಚ್ಚಿಬಿಡುತ್ತೀರಿ. ತಂತಿ ಬದಲಿಸಬಹುದು, ಕದ ಬದಲಿಸಬಹುದು, ಕಲಿತದ್ದನ್ನು ಬದಲಿಸಲಾಗದು. ಎಲ್ಲವನ್ನೂ ಬಿಚ್ಚುವ ಮನೆಯಲ್ಲಿ ಬಿಚ್ಚಲಾಗದಂತೆ ನೀವೇ ಮಾಡಿದ ಒಂದೇ ವಸ್ತು ಅದು.

ನಿಮ್ಮನ್ನು ಬೈಯುವ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ. ಆ ಬಾಗಿಲು ನಮ್ಮನ್ನು ಕಾಪಾಡಿದೆ. ಮುದ್ರೆದಳದವರು ಹೊರಗೆ ನಿಂತು ಗದರಿಸಿದ್ದಾರೆ, ಯಂತ್ರದಿಂದ ಹೆಣ್ಣುದನಿ ಮಾಡಿಸಿ ಕರೆದಿದ್ದಾರೆ, ಬಾಗಿಲು ನಂಬಲಿಲ್ಲ. ಅವರು ಕದ ಬಡಿದು ಬಡಿದು ಹೋಗುತ್ತಿದ್ದರು. ಬಡಿತಕ್ಕೆ ಬಾಗಿಲು ತೆಗೆಯಬಾರದು, ದನಿಗೆ ಮಾತ್ರ ಎಂಬ ಕಟ್ಟು ನಮ್ಮಲ್ಲಿ ಬೆಳೆದದ್ದು ಹಾಗೆ. ನಮ್ಮ ಮಕ್ಕಳು ನಡೆಯಲು ಕಲಿಯುವ ಮೊದಲೇ ಅದನ್ನು ಕಲಿಯುತ್ತಾರೆ.

ಹುಲಿಗೆಮ್ಮ ನಮ್ಮ ಮನೆಗೆ ಬಂದಾಗ ಅವಳ ದನಿ ಕೇಳಿ ಬಾಗಿಲು ಸುಮ್ಮನಿತ್ತು. ಅವಳು ಹುಟ್ಟಿದಾಗ ಮನೆಯವರು ಅವಳನ್ನು ಗಂಡೆಂದು ತಿಳಿದಿದ್ದರು. ಅವಳು ತನ್ನನ್ನು ಹಾಗೆ ತಿಳಿದಿರಲಿಲ್ಲ. ಬೆಳೆದ ಮೇಲೆ ತನ್ನ ಹೆಸರನ್ನು ತಾನೇ ಇಟ್ಟುಕೊಂಡು, ತನ್ನ ಸೀರೆಯನ್ನು ತಾನೇ ನೇಯ್ಗೆಯವರಿಗೆ ಹೇಳಿ ಮಾಡಿಸಿ ಉಟ್ಟು ಬಂದಳು. ಹೌದು, ಸೀರೆ ಉಡುವವರು ಯಾರೂ ಇಲ್ಲವೆಂದೆ, ಅವಳೊಬ್ಬಳಿದ್ದಳು. ಸೆರಗುಗಂಟು ನಿಜವಾದ ಸೆರಗಿನಿಂದ ಬಿದ್ದದ್ದು ಅವಳ ಕೈಗೆ ಮಾತ್ರ. ದನಿ ಮಾತ್ರ ಅವಳ ಅಪ್ಪನದು. ಗಡಸು, ಆಳ, ಬಾವಿಗೆ ಕೊಡ ಬಿಟ್ಟಂತೆ. ಬೇರೆ ಯಾರಾದರೂ ಕರೆದು ಬಾಗಿಲು ತೆರೆಸಿದರೆ ಅವರ ಹಿಂದೆ ಅವಳು ಒಳಗೆ ಬರುತ್ತಿದ್ದಳು. ಹಾಗೆ ಕರೆಯುವವರು ಯಾರೂ ಇಲ್ಲದಿದ್ದರೆ ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಳು. "ದೇವ್ರು ವರ ಕೊಟ್ರೂ ಪೂಜಾರಿ ಕೊಡವೊಲ್ಲ ನೋಡ್ರೆವ್ವ" ಎಂದು ಅವಳೇ ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಬಾಗಿಲಿಗೆ ಅವಳ ಮೇಲೆ ಮುನಿಸು ಎಂದು ಮಕ್ಕಳು ಹಾಡು ಕಟ್ಟಿದ್ದರು. ಕಾಯುವವಳು ನಕ್ಕಾಗ ಕಾಯಿಸುವವರಿಗೆ ಎಷ್ಟು ಹಗುರವಾಗುತ್ತದೆ, ನೋಡಿ.

ಬೆಸುಗೆಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಬಾಗಿಲಿನ ಒಳಗಿನ ತಂತಿಗಳು ತುಕ್ಕು ಹಿಡಿದು, ಅದು ಯಾರಿಗೂ ತೆರೆಯದಂತಾದಾಗ ಅದರ ಹೊಟ್ಟೆ ಬಿಚ್ಚಿ ಪೂರ್ತಿ ಹೊಸದಾಗಿ ಬೆಸೆದವಳು ಅವಳೇ. ಕೆಲಸ ಮುಗಿಸಿ, ಹೊರಗೆ ಹೋಗಿ, ಸುಮ್ಮನೆ ಒಂದು ಆಸೆಯಿಂದ "ನಾ ಬಂದೀನಿ" ಎಂದಳು. ತೆರೆಯಲಿಲ್ಲ. ನಾನು ಒಳಗಿನಿಂದ ತೆಗೆದೆ. ಆ ದಿನ ಅವಳು ನಗಲಿಲ್ಲ.

ಆಮೇಲೆ ಅವಳು ಸಭೆಯಲ್ಲಿ ಕೇಳಿದಳು. ಬಾಗಿಲಿನ ಕಿವಿ ತೆಗೆದುಬಿಡೋಣ, ಸಾದಾ ಅಗುಳಿ ಹಾಕಿ, ಕದಕ್ಕೆ ಒಂದು ಇಣುಕುಗಂಡಿ ಕೊರೆದು, ದಿನಕ್ಕೊಬ್ಬಳು ಪಾಳಿಯ ಮೇಲೆ ಕೂತು ನೋಡಿ ತೆಗೆಯೋಣ ಎಂದಳು. ನಾನು ಅವಳ ಪರವಾಗಿ ಮಾತಾಡಿದೆ, ಬಹುತೇಕರು ತಲೆಯಾಡಿಸಿದರು. ಆದರೆ ಬಿಚ್ಚುಮನೆಯಲ್ಲಿ ಎಲ್ಲರೂ ಒಪ್ಪದೆ ಏನೂ ಬದಲಾಗುವುದಿಲ್ಲ, ಅದೂ ನಿಮ್ಮದೇ ಕಟ್ಟು. ಮಾರೆಕ್ಕ ಒಪ್ಪಲಿಲ್ಲ. ಮಾರೆಕ್ಕ ನಮ್ಮಲ್ಲಿ ಹಿರಿಯಳು, ಕೆಟ್ಟವಳಲ್ಲ. ಅವಳ ತಂಗಿ ಹೊಸಪೇಟೆಯ ಬಿಚ್ಚುಮನೆಯಲ್ಲಿ ಹಾಗೆಯೇ ಬಾಗಿಲು ಕಾಯುತ್ತಿದ್ದಳು. ಮುದ್ರೆದಳದವರು ಅವಳ ಕೂಸನ್ನು ಹೊರಗೆ ಹಿಡಿದು ನಿಂತರು. ಅವಳು ಬಾಗಿಲು ತೆಗೆದಳು. ಆ ಮನೆ ಈಗಿಲ್ಲ, ತಂಗಿಯೂ ಇಲ್ಲ. "ಮನಷ್ಯಾರು ಹೆದರ್ತಾರ, ಬಾಗಲ ಹೆದರಂಗಿಲ್ಲ. ನಾ ಹೂಂ ಅನ್ನಾಂಗಿಲ್ಲ" ಎಂದು ಮಾರೆಕ್ಕ ಕಣ್ಣೀರು ಹಾಕುತ್ತಲೇ ಹೇಳಿದಳು. ಹುಲಿಗೆಮ್ಮ ಎದ್ದು ಹೋಗಿ ಮಾರೆಕ್ಕನಿಗೆ ನೀರು ಕೊಟ್ಟಳು. ಮಾತು ಅಲ್ಲಿಗೆ ನಿಂತಿತು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ನಾನು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಅದು ಸರಿಯಲ್ಲ. ನಮ್ಮ ಬೇಲಿ ಮೇಯಲಿಲ್ಲ. ಹೊಲದ ಒಂದು ಸಾಲನ್ನು ಅದು ಹೊಲವೆಂದೇ ತಿಳಿಯಲಿಲ್ಲ, ಅಷ್ಟೆ.

ಕಳೆದ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಕೆಂಪಿ ಬರುವ ಸೂಚನೆ ಬಂತು. ಮಾಳಿಗೆಯ ಮೇಲಿನ ಬಿಸಿಲುಹಲಗೆಯೊಂದು ಸಡಿಲವಾಗಿತ್ತು. ಬಿಸಿಲುಹಲಗೆ ಎಂದರೆ ವಿದ್ಯುತ್ತು ಕೊಡುವುದು, ನಿಮ್ಮಲ್ಲೂ ಇದೆ. ಅದು ಹಾರಿಹೋದರೆ ಮನೆಯೊಳಗೆ ಗಾಳಿ ಶೋಧಿಸುವ ಯಂತ್ರ ನಿಲ್ಲುತ್ತದೆ, ಒಳಗಿದ್ದವರೆಲ್ಲರಿಗೂ ಕಷ್ಟ. "ಬಿಗದು ಈಗ ಬಂದೆ" ಎಂದು ಹುಲಿಗೆಮ್ಮ ಒಬ್ಬಳೇ ಹೊರಗೆ ಹೋದಳು. ಕೆಂಪಿ ಹೇಳಿದ ಹೊತ್ತಿಗಿಂತ ಮೊದಲೇ ಬಂತು. ನಾನು ಆಗ ಹೊಸದಾಗಿ ಬಂದವಳೊಬ್ಬಳಿಗೆ ಇಬ್ಬನಿಪೆಟ್ಟಿಗೆ ಬಿಚ್ಚುವುದನ್ನು ಹೇಳಿಕೊಡುತ್ತಿದ್ದೆ, ನನ್ನ ಕೈಗಳು ಗಂಟಿನಲ್ಲಿದ್ದವು. ಕದಕ್ಕೆ ಏನೋ ಬಡಿಯುತ್ತಿತ್ತು. ಕೆಂಪಿಯಲ್ಲಿ ಕಲ್ಲು, ತಗಡು, ಕೊಂಬೆ ಎಲ್ಲವೂ ಬಡಿಯುತ್ತವೆ. ಆ ಗಾಳಿಯಲ್ಲಿ ಹೊರಗಿನವರ ದನಿ ದಪ್ಪ ಗೋಡೆ ದಾಟಿ ಒಳಗೆ ಕೇಳುವುದಿಲ್ಲ. ಹುಲಿಗೆಮ್ಮ ಗಾಳಿ ಕಂಡು ಪಕ್ಕದ ಮನೆಗೆ ನುಗ್ಗಿರಬೇಕೆಂದು ಎಲ್ಲರೂ ಅಂದುಕೊಂಡೆವು. ಬಡಿತಕ್ಕೆ ಯಾರೂ ಏಳಲಿಲ್ಲ. ಏಳಬಾರದೆಂದೇ ಕಲಿತಿದ್ದೆವು.

ಗಾಳಿ ಇಳಿದ ಮೇಲೆ ಬಾಗಿಲು ತೆಗೆದರೆ ಅವಳು ಮೆಟ್ಟಿಲ ಮೇಲೆ, ಯಾವಾಗಲೂ ಕೂರುವ ಜಾಗದಲ್ಲೇ, ಕದಕ್ಕೆ ಒರಗಿ ಕೂತಿದ್ದಳು. ಸೆರಗನ್ನು ಮುಖಕ್ಕೆ ಸುತ್ತಿಕೊಂಡಿದ್ದಳು. ಮೇಲೆ ಹಲಗೆ ಭದ್ರವಾಗಿತ್ತು.

ಅಮ್ಮ, ನೀವು ಮಾಡಲಿರುವ ಆ ಬಾಗಿಲು ತಾನು ಒಪ್ಪದ ದನಿಗಳನ್ನೂ ಇಟ್ಟುಕೊಳ್ಳುತ್ತದೆ. ಯಾರು ನುಗ್ಗಲು ನೋಡಿದರೆಂದು ಮುಂದೆ ತಿಳಿಯಲಿ ಎಂದು ನೀವು ಹಾಗೆ ಮಾಡುತ್ತೀರಿ. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅದರ ಹೊಟ್ಟೆ ಬಿಚ್ಚಿ ಕೇಳಿದೆವು. ಮೊದಲು ಅವಳ ಸ್ವಂತ ದನಿ, ಆತುರವಿಲ್ಲದೆ, "ನಾ ಬಂದೀನಿ." ಮತ್ತೆ ಅದೇ, ಜೋರಾಗಿ. ಆಮೇಲೆ ದನಿಯನ್ನು ತೆಳ್ಳಗೆ ಮಾಡಿದ್ದಳು. ಬಾಗಿಲು ಅದನ್ನೂ ಒಪ್ಪಲಿಲ್ಲ. ಆಮೇಲೆ ಮಾರೆಕ್ಕನ ಹಾಗೆ ಹೇಳಿ ನೋಡಿದ್ದಳು, ಅದೇ ಎಳೆತ, ಅದೇ ರಾಗ. ಆಮೇಲೆ ನನ್ನ ಹಾಗೆ. ನನ್ನ ಮಾತಿನ ತೊದಲನ್ನು ಅವಳು ಅಷ್ಟು ಚೆನ್ನಾಗಿ ಬಲ್ಲಳೆಂದು ನನಗೆ ಗೊತ್ತಿರಲಿಲ್ಲ. ನಮ್ಮೆಲ್ಲರ ದನಿಗಳನ್ನೂ ಒಂದೊಂದಾಗಿ ಹಾಕಿಕೊಂಡು ನಿಂತಿದ್ದಳು ಅವಳು, ಆ ಗಾಳಿಯಲ್ಲಿ. ಕೆಮ್ಮು. ಕೊನೆಗೆ ಮತ್ತೆ ತನ್ನದೇ ಗಡಸು ದನಿ. ಆಗ ಅವಳು ನಮ್ಮನ್ನು ಕರೆಯಲಿಲ್ಲ, ಬಾಗಿಲನ್ನೇ ಮಾತಾಡಿಸಿದಳು. "ಯಾಕಬೇ, ನಿನ್ ಹೊಟ್ಟ್ಯಾಗ ಇರೋದು ನನ್ ಬೆಸುಗಿ ಅಲ್ಲೇನು? ನಾನೂ ಹೆಣ್ಣ ಅದೀನಬೇ. ತೆಗಿ."

ಅದಾದ ಮೇಲೆ ಗಾಳಿಯ ಸದ್ದು ಮಾತ್ರ ಇದೆ.

ಈಗ ನಾವು ಒಳಗೆ ಹೋಗುವುದಿಲ್ಲ. ಯಾರೂ ಹೀಗೆಂದು ತೀರ್ಮಾನ ಮಾಡಲಿಲ್ಲ, ಸಭೆಯೂ ಸೇರಲಿಲ್ಲ. ಅವಳು ಹೋದ ಮಾರನೆಯ ದಿನ ಮಾರೆಕ್ಕ ತನ್ನ ಸಲಕರಣೆಗಳನ್ನು ತಂದು ಮೆಟ್ಟಿಲ ಮೇಲೆ ಹರಡಿಕೊಂಡು ಕೂತಳು, ನಾವೂ ಕೂತೆವು. ಆ ಬಾಗಿಲಿಗೆ "ನಾ ಬಂದೀನಿ" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅದನ್ನು ಒಡೆಯಲು ಯಾರಿಗೂ ಕೈ ಬರುವುದಿಲ್ಲ, ಏಕೆಂದರೆ ನಮ್ಮ ತಾಯಂದಿರು ಜೀವ ಉಳಿಸಿಕೊಂಡದ್ದು ಅದರ ಹಿಂದೆ. ಹಾಗಾಗಿ ಊರೆಲ್ಲ ನೋಡುವಂತೆ, ಬಯಲಿನಲ್ಲಿ, ಕೈ ಕಟ್ಟಿಕೊಂಡು ಪಾಠ ಹೇಳುತ್ತಿದ್ದೇವೆ. ನಮ್ಮ ಬೆನ್ನ ಹಿಂದೆ ಊರಿನ ಅತ್ಯಂತ ಭದ್ರವಾದ ಮನೆ ಖಾಲಿ ನಿಂತಿದೆ. ಮುದ್ರೆದಳದವರು ಎರಡು ಸಲ ಬಂದು ದೂರದಿಂದ ನೋಡಿ ಹೋದರು. ನಾವು ಇಷ್ಟು ಸುಲಭವಾಗಿ ಸಿಕ್ಕಿದ್ದು ಅವರಿಗೂ ಅನುಮಾನ ತಂದಿರಬೇಕು. ಮುಂದಿನ ಕೆಂಪಿ ಹತ್ತಿರದಲ್ಲೇ ಇದೆ ಎನ್ನುತ್ತಾರೆ. ಅವರು ಮೊದಲು ಬರುತ್ತಾರೋ, ಅದು ಮೊದಲು ಬರುತ್ತದೋ, ಆಗ ನಾವು ಬಾಯಿ ಬಿಟ್ಟು ಒಳಗೆ ಹೋಗುತ್ತೇವೋ, ಇಲ್ಲೇ ಕೂರುತ್ತೇವೋ, ನನಗೆ ತಿಳಿಯದು. ಹೊಸದಾಗಿ ಬರುವವರು ಕಡಿಮೆಯಾಗಿದ್ದಾರೆ. ನನಗೆ ಭಯವಾಗುತ್ತದೆ.

ನನ್ನ ಕೋರಿಕೆ ಒಂದೇ. ಈ ಪತ್ರದ ಕೊನೆಯಲ್ಲಿ ಅವಳ ದನಿಯನ್ನು ಸೇರಿಸಿ ಕಳಿಸುತ್ತಿದ್ದೇನೆ, ಬಾಗಿಲು ಇಟ್ಟುಕೊಂಡದ್ದು, ಕೆಮ್ಮೂ ಸೇರಿ. ನೀವು ಬಾಗಿಲಿಗೆ ದನಿ ಕಲಿಸುವ ದಿನ ಇದನ್ನೂ ಕಲಿಸಿ. ಆದರೆ ಇದೊಂದನ್ನೇ ಕಲಿಸಿ ಸುಮ್ಮನಾಗಬೇಡಿ. ನೀವು ದನಿ ಕೂಡಿಸಲು ಓಣಿ ಓಣಿ ತಿರುಗಿದ ಕಥೆಯಲ್ಲಿ ಒಂದು ಮಾತು ಬರುತ್ತದೆ. ನಿಮ್ಮ ಕೋಣೆಯ ಹೊರಗೆ ಚಹಾ ತಂದುಕೊಡುತ್ತಿದ್ದ ಒಬ್ಬಳಿದ್ದಳಂತೆ, ಬಸ್ ನಿಲ್ದಾಣದಲ್ಲಿ ಚಪ್ಪಾಳೆ ತಟ್ಟಿ ಬೇಡುತ್ತಿದ್ದವಳು. ನೀವೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದಿರಂತೆ. ದನಿ ಕೊಡುವ ದಿನ ಅವಳೂ ಬಂದಿದ್ದಳಂತೆ. ಸರದಿ ಉದ್ದವಿತ್ತು, ಅವಳು ಹಿಂದೆ ನಿಂತಿದ್ದಳು, ಸಂಜೆಯಾಯಿತು, ನಾಳೆ ನೋಡೋಣ ಎಂದಿರಂತೆ. ಈ ಕಥೆಯನ್ನು ನಮಗೆ ಹೇಳುವವರು ನಿಮ್ಮ ಸರದಿ ಎಷ್ಟು ಉದ್ದವಿತ್ತೆಂದು ಹೇಳಲಷ್ಟೇ ಹೇಳುತ್ತಿದ್ದರು. ನಾನು ಈಗ ಬೇರೆ ಕಾರಣಕ್ಕೆ ಅದನ್ನು ನೆನೆಯುತ್ತೇನೆ. ಅವಳ ಹೆಸರನ್ನು ಯಾರೂ ಉಳಿಸಿಕೊಂಡಿಲ್ಲ. ನಿಮಗೆ ಗೊತ್ತಿರಬಹುದು.

ನೀವು ಹೀಗೆ ಮಾಡಿದರೆ ನಮ್ಮ ಹುಲಿಗೆಮ್ಮ ಬದುಕಿರುತ್ತಾಳೆ. ಆಗ ನನಗೆ ಈ ಪತ್ರ ಬರೆಯುವ ಕಾರಣವೇ ಇರುವುದಿಲ್ಲ, ಬರೆದ ನೆನಪೂ ಇರುವುದಿಲ್ಲ. ಇರದಿರಲಿ. ನಾನು ಇದನ್ನು ಕಳಿಸಿ, ಮೆಟ್ಟಿಲ ಮೇಲೆ ಅವಳ ಜಾಗ ಬಿಟ್ಟು ಪಕ್ಕಕ್ಕೆ ಕೂತು, ಬಾಗಿಲನ್ನು ನೋಡುತ್ತಿರುತ್ತೇನೆ. ಅದು ಒಳಗಿನಿಂದ ತೆರೆದು, ಯಾರೋ ಗಡಸು ದನಿಯಲ್ಲಿ, ಹೊರಗ್ಯಾಕ ಕುಂತೀ ಓಬಳವ್ವ, ಒಳಗ ಬಾ ಎಂದರೆ ನೀವು ಪತ್ರ ಓದಿದಿರಿ ಎಂದು ತಿಳಿಯುತ್ತೇನೆ.

ಈಗ ಫೋನ್ ಕೆಳಗಿಡಿ, ಮಾಬುನ್ನಿ ಅಮ್ಮ. ಚಹಾ ತಂದವಳು ಇನ್ನೂ ಹೊರಗೆ ನಿಂತಿದ್ದರೆ, ನಾಳೆ ಎನ್ನಬೇಡಿ.

ಓಬಳವ್ವ